ಬೈಕಿನ ಚಕ್ರ ಹಿಡಿದುಕೊಂಡರೆ: ಒತ್ತಡವೋ ತುಕ್ಕೋ ಎಂದು ಮೊದಲು ತಿಳಿಯಿರಿ

ಜುಲೈ ತಿಂಗಳ ಒಂದು ಸಂಜೆ ಕಾಸರಗೋಡು ಜಿಲ್ಲೆಯ ಚೆರ್ಕಳ ದಾಟಿ ಬದಿಯಡ್ಕದ ಕಡೆಗೆ ಬರುತ್ತಿದ್ದೆ. ಮಳೆ ಸ್ವಲ್ಪ ಬಿಟ್ಟಿತ್ತು. ಏರು ಶುರುವಾದ ಮೇಲೆ ಬೈಕು ಎಳೆಯಲೇ ಇಲ್ಲ. ದಿನವೂ ಮೂರನೇ ಗೇರಿನಲ್ಲಿ ಹತ್ತುವ ಜಾಗಕ್ಕೆ ಎರಡನೆಯದು ಬೇಕಾಯಿತು. ಕ್ಲಚ್ ಜಾರುತ್ತಿದೆ ಎಂದೇ ಅಂದುಕೊಂಡೆ. ಮತ್ತೆ ಅರ್ಧ ಕಿಲೋಮೀಟರಿನಲ್ಲಿ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಬಲಗೈಯ ಬ್ರೇಕ್ ಲಿವರ್ ಹಿಡಿದು ನೋಡಿದರೆ ಕಲ್ಲಿನ ಹಾಗೆ ಗಟ್ಟಿ, ಒಂದು ಚೂರೂ ಒಳಗೆ ಬರುತ್ತಿಲ್ಲ. ಇಳಿದು ತಳ್ಳಿದರೆ ಮುಂದಿನ ಚಕ್ರ ಅಲುಗಲಿಲ್ಲ. ಒಂದು ಅಂಗಡಿಯ ಜಗಲಿಯಲ್ಲಿ ಇಪ್ಪತ್ತು ನಿಮಿಷ ನಿಂತೆ. ಆಮೇಲೆ ನೋಡಿದರೆ ಚಕ್ರ ತಾನಾಗಿಯೇ ಬಿಟ್ಟಿತ್ತು! ಹೊರಟು ನಾಲ್ಕು ಕಿಲೋಮೀಟರ್ ಬರುವಷ್ಟರಲ್ಲಿ ಮತ್ತೆ ಅದೇ ಕತೆ.

ಮರುದಿನ ಗ್ಯಾರೇಜಿನಲ್ಲಿ ಚಕ್ರದ ಡಿಸ್ಕನ್ನು ಹಿಡಿಯುವ ಪ್ಯಾಡ್ ಬದಲಾಯಿತು, ಆ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಕಿಟ್ (ರಬ್ಬರ್ ಸೀಲುಗಳು) ಬದಲಾಯಿತು, ದುಡ್ಡೂ ಹೋಯಿತು. ಹನ್ನೆರಡನೇ ದಿನ ಚಕ್ರ ಪುನಃ ಹಿಡಿಯಿತು. ದೋಷ ಚಕ್ರದ ಹತ್ತಿರ ಇರಲೇ ಇಲ್ಲ. ಲಿವರ್ ಒತ್ತಿದಾಗ ಬ್ರೇಕಿನ ಎಣ್ಣೆಯನ್ನು ಕೆಳಗೆ ತಳ್ಳುವ, ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರಿನೊಳಗೆ ಸೂಜಿಯ ಮೊನೆಯಷ್ಟಿರುವ ಒಂದು ರಂಧ್ರ ಕಟ್ಟಿತ್ತು, ಅಷ್ಟೇ. ನಾನು ಜಗಲಿಯಲ್ಲಿ ನಿಂತ ಆ ಇಪ್ಪತ್ತು ನಿಮಿಷ ಅದನ್ನು ಆಗಲೇ ಹೇಳಿತ್ತು, ನನಗೆ ಅರ್ಥವಾಗಲಿಲ್ಲ.

ಆಮೇಲೆ ಮನೆಯವರ, ನೆಂಟರ, ನೆರೆಕರೆಯವರ ಬೈಕುಗಳಲ್ಲಿ ಈ ತೊಂದರೆ ಬಂದಾಗಲೆಲ್ಲ ಕೂತು ಬಿಚ್ಚಿ ನೋಡಿದ್ದೇನೆ. ಒಂದೇ ಮಾತು ಹೇಳಬೇಕೆನಿಸುತ್ತದೆ. ಸುತ್ತಿಗೆ ಎತ್ತುವ ಮೊದಲು, ಬಿಡಿಭಾಗಕ್ಕೆ ದುಡ್ಡು ಕೊಡುವ ಮೊದಲು, ಬ್ರೇಕನ್ನು ಹಿಡಿದಿಟ್ಟಿರುವುದು ಎಣ್ಣೆಯ ಒತ್ತಡವೋ ಅಥವಾ ತುಕ್ಕೋ ಎಂದು ಗೊತ್ತುಮಾಡಿಕೊಳ್ಳಿ. ತಣಿದ ಮೇಲೆ ತಾನಾಗಿ ಬಿಟ್ಟರೆ ಹೆಚ್ಚಿನ ಸಲ ಅದು ಒತ್ತಡ. ರಾತ್ರಿಯಿಡೀ ನಿಂತು ಬೆಳಿಗ್ಗೆ ತಳ್ಳಿದರೂ ಬಿಡದಿದ್ದರೆ ಅದು ತುಕ್ಕು. ಎರಡರ ಮದ್ದೂ ಬೇರೆ ಬೇರೆ.

ಬ್ರೇಕ್ ಅಲ್ಲದ್ದನ್ನು ಮೊದಲು ತೆಗೆದುಹಾಕಿ

ನಮ್ಮ ಕಡೆಯ ಮುರದ ಕೆಂಪು ಮಣ್ಣು ಮಳೆಗಾಲದಲ್ಲಿ ಹಿಟ್ಟಿನ ಹಾಗೆ ಅಂಟುತ್ತದೆ. ರಸ್ತೆ ಅಗೆದುಹಾಕಿದ ಕಡೆ, ತೋಟದ ದಾರಿಯಲ್ಲಿ, ಟಯರಿಗೂ ಮಡ್ಗಾರ್ಡಿಗೂ ನಡುವೆ ಅದು ತುಂಬಿ ಒಣಗಿದರೆ ಚಕ್ರ ತಿರುಗುವುದಿಲ್ಲ. ಒಮ್ಮೆ ಹಿಂದಿನ ಚಕ್ರದ ಅಚ್ಚಿಗೆ ಅಡಿಕೆ ಮೂಟೆಯ ಪ್ಲಾಸ್ಟಿಕ್ ಹಗ್ಗ ಸುತ್ತಿಕೊಂಡದ್ದನ್ನೂ ಬ್ರೇಕ್ ಜಾಮ್ ಎಂದು ನನ್ನ ಹತ್ತಿರ ತಂದಿದ್ದರು. ಚಕ್ರದ ಬೇರಿಂಗ್ ಒಡೆದರೂ ಹೀಗೇ ಆಗುತ್ತದೆ. ಆದರೆ ಅದರಲ್ಲಿ ಕರಕರ ಸದ್ದು ಬರುತ್ತದೆ, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದರೆ ಓಲಾಡುತ್ತದೆ.

ಇನ್ನೊಂದು ಕಾರಣ ಚೈನು. ಚೈನ್ ಬಿಗಿ ಮಾಡುವಾಗ ಹಿಂದಿನ ಚಕ್ರ ಹಿಂದಕ್ಕೆ ಸರಿಯುತ್ತದೆ. ಡ್ರಮ್ ಬ್ರೇಕಿನ ರಾಡ್ ಅಷ್ಟೇ ಉದ್ದ ಇರುವುದರಿಂದ ಬ್ರೇಕ್ ಬಿಗಿಯಾಗಿಬಿಡುತ್ತದೆ. ಚೈನ್ ಬಿಗಿ ಮಾಡಿದ ಮರುದಿನ ಹಿಂದಿನ ಬ್ರೇಕ್ ಹಿಡಿದರೆ ಬೇರೇನೂ ಹುಡುಕಬೇಡಿ. ರಾಡಿನ ತುದಿಯ ನಟ್ಟನ್ನು ಮೂರು ನಾಲ್ಕು ಸುತ್ತು ಸಡಿಲಿಸಿ, ಪೆಡಲ್ ತುದಿಯಲ್ಲಿ 20ರಿಂದ 30 ಮಿಲಿಮೀಟರ್ ಸಡಿಲು ಇರಲಿ.

ಇದೆಲ್ಲ ಅಲ್ಲವೆಂದಾದರೆ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಚಕ್ರವನ್ನು ಕೈಯಿಂದ ತಿರುಗಿಸಿ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಸಣ್ಣಗೆ ಸವರುವ ಸದ್ದು ಇರುವುದು ಸಹಜ, ಅದಕ್ಕೆ ಹೆದರಬೇಡಿ. ಕೈ ಬಿಟ್ಟ ಮೇಲೆ ಚಕ್ರ ಒಂದೆರಡು ಸುತ್ತಾದರೂ ತಿರುಗಬೇಕು. ಲಿವರ್ ಒಮ್ಮೆ ಒತ್ತಿ ಬಿಟ್ಟು ಪುನಃ ತಿರುಗಿಸಿ. ಒತ್ತುವ ಮೊದಲು ತಿರುಗಿ, ಒತ್ತಿ ಬಿಟ್ಟ ಮೇಲೆ ತಿರುಗದಿದ್ದರೆ ರೋಗ ಕೈಗೆ ಸಿಕ್ಕಿತು.

ಡಿಸ್ಕ್ ಬ್ರೇಕ್: ಎಲ್ಲಿ ಸಡಿಲಿಸಿದಾಗ ಬಿಡುತ್ತದೆ?

ಡಿಸ್ಕ್ ಬ್ರೇಕಿನಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಇರುವ ರಬ್ಬರ್ ಸೀಲು ಒತ್ತಡ ಬಂದಾಗ ಮುಂದಕ್ಕೆ ಬಾಗುತ್ತದೆ, ಒತ್ತಡ ಹೋದಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಬ್ರೇಕ್ ಬಿಡುವುದೆಂದರೆ ಇಷ್ಟೇ. ಹಾಗಾಗಿ ಎರಡು ಸಂಗತಿಗಳು ಸರಿ ಇರಬೇಕು: ಒತ್ತಡ ಪೂರ್ತಿ ಇಳಿಯಬೇಕು, ಪಿಸ್ಟನ್ನಿಗೆ ಜಾರಲು ಜಾಗ ಇರಬೇಕು.

ಮೊದಲ ಪರೀಕ್ಷೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲಿನಲ್ಲಿ, ಎಂದರೆ ಒಳಗಿನ ಎಣ್ಣೆಯನ್ನೂ ಗಾಳಿಯನ್ನೂ ಹೊರಬಿಡುವ ಚಿಕ್ಕ ತಿರುಪಿನಲ್ಲಿ. ರಬ್ಬರ್ ಟೋಪಿ ತೆಗೆದು, ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಒಂದು ಬಾಟಲಿಯೊಳಗೆ ಬಿಡಿ. ಹೆಚ್ಚಿನ ಬೈಕುಗಳಿಗೆ 8 ಮಿಲಿಮೀಟರಿನ ರಿಂಗ್ ಸ್ಪ್ಯಾನರ್ ಸಾಕು. ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದುಹೋಗುತ್ತವೆ. ನಿಪ್ಪಲ್ ಒಳಗೆ ಪೊಳ್ಳು, ತುಕ್ಕು ಹಿಡಿದದ್ದನ್ನು ಬಲ ಹಾಕಿ ತಿರುಗಿಸಿದರೆ ಮುರಿಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಅದರ ಬುಡಕ್ಕೆ ಒಂದು ಹನಿ ಮಾತ್ರ ಬಿಡಿ, ಡಿಸ್ಕಿಗೆ ತಾಗಬಾರದು. ಕಣ್ಣಿಗೆ ಕನ್ನಡಕ ಇರಲಿ, ಒತ್ತಡದಲ್ಲಿರುವ ಬ್ರೇಕ್ ಆಯಿಲ್ ಚಿಮ್ಮುತ್ತದೆ.

ಚಕ್ರ ಹಿಡಿದುಕೊಂಡಿರುವಾಗಲೇ ನಿಪ್ಪಲನ್ನು ಕಾಲು ಸುತ್ತು ಬಿಡಿಸಿ. ಎಣ್ಣೆ ಚಿಮ್ಮಿ ಚಕ್ರ ತಕ್ಷಣ ಬಿಟ್ಟರೆ ಕ್ಯಾಲಿಪರ್ ನಿರ್ದೋಷಿ, ಒತ್ತಡವನ್ನು ಮೇಲಿನ ಯಾವುದೋ ಭಾಗ ಹಿಡಿದಿಟ್ಟಿತ್ತು. ಎಣ್ಣೆ ಸುಮ್ಮನೆ ಎರಡು ಹನಿ ಜಿನುಗಿ ಚಕ್ರ ಹಾಗೆಯೇ ಹಿಡಿದಿದ್ದರೆ ತೊಂದರೆ ಇರುವುದು ಕ್ಯಾಲಿಪರಿನಲ್ಲೇ.

ಮೇಲಿನದ್ದು ಎಂದಾದರೆ ಇನ್ನೊಂದು ಹೆಜ್ಜೆ ಇದೆ. ನಿಪ್ಪಲ್ ಮುಚ್ಚಿ, ಲಿವರ್ ಒತ್ತಿ ಚಕ್ರವನ್ನು ಪುನಃ ಹಿಡಿಯುವಂತೆ ಮಾಡಿ. ಈ ಸಲ ಮಾಸ್ಟರ್ ಸಿಲಿಂಡರಿಗೆ ಎಣ್ಣೆಯ ಹೋಸ್ (ಕೊಳವೆ) ಸೇರುವಲ್ಲಿನ ಬ್ಯಾಂಜೋ ಬೋಲ್ಟನ್ನು ಬಟ್ಟೆ ಸುತ್ತಿ ಚೂರು ಸಡಿಲಿಸಿ. ಅಲ್ಲಿ ಸಡಿಲಿಸಿದಾಗ ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರಿನದು. ಅಲ್ಲಿ ಬಿಡದೆ ಕೆಳಗಿನ ನಿಪ್ಪಲಿನಲ್ಲಿ ಮಾತ್ರ ಬಿಟ್ಟರೆ ನಡುವಿನ ಹೋಸ್ ಒಳಗಿಂದ ಕೆಟ್ಟಿದೆ. ಹೊರಗೆ ಚೆನ್ನಾಗಿಯೇ ಕಾಣುವ ಹಳೆಯ ಹೋಸಿನ ಒಳಪದರ ಊದಿ ಅಥವಾ ಸುಲಿದು ಒಂದು ಬಾಗಿಲಿನ ಹಾಗೆ ಕೆಲಸ ಮಾಡುತ್ತದೆ. ಲಿವರಿನ ಬಲಕ್ಕೆ ಎಣ್ಣೆ ಕೆಳಗೆ ಹೋಗುತ್ತದೆ, ಹಿಂದೆ ಬರಲು ಬಲ ಸಾಲುವುದಿಲ್ಲ. ಇದಕ್ಕೆ ರಿಪೇರಿ ಇಲ್ಲ, ಹೋಸ್ ಹೊಸದೇ ಹಾಕಬೇಕು. ಬ್ಯಾಂಜೋ ಬೋಲ್ಟ್ ಬಿಚ್ಚಿದಾಗಲೆಲ್ಲ ಅದರ ಎರಡೂ ಬದಿಯ ವಾಶರ್ ಹೊಸತಿರಲಿ. ಬೆಲೆ ಕಡಿಮೆ, ಹಳೆಯದು ಸೋರಿದರೆ ಹೋಗುವುದು ಜೀವ.

ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಚಕ್ರ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಾದರೆ ನಡುವೆ ಒತ್ತಡ ಏರಿಸಿ ಇಳಿಸುವ ಅದರ ಮಾಡ್ಯುಲೇಟರ್ ಕೂಡ ಬರುತ್ತದೆ. ಆಗ ಮೇಲೂ ಕೆಳಗೂ ನೋಡಿದ ಫಲ ಮಾಡ್ಯುಲೇಟರ್ ಮತ್ತು ಹೋಸ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಅಲ್ಲಿಗೆ ಮನೆಯ ಕೆಲಸ ನಿಲ್ಲಿಸಿ, ಎಬಿಎಸ್ ದೋಷ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಕೊಡುವುದೇ ಸರಿ.

ಮಾಸ್ಟರ್ ಸಿಲಿಂಡರ್

ನನ್ನ ಬೈಕಿನ ರೋಗ ಇದು. ಮಳೆ ಹೆಚ್ಚಿರುವ ನಮ್ಮಲ್ಲಿ ಇದು ಅಪರೂಪ ಅಲ್ಲವೆಂದು ಈಗ ಗೊತ್ತಾಗಿದೆ.

ಸಿಲಿಂಡರಿನೊಳಗೆ, ಎಣ್ಣೆಯ ತೊಟ್ಟಿಯ ತಳದಲ್ಲಿ, ಎರಡು ರಂಧ್ರಗಳಿರುತ್ತವೆ. ದೊಡ್ಡದು ಎಣ್ಣೆ ತುಂಬಲಿಕ್ಕೆ. ಕಣ್ಣಿಗೆ ಕಷ್ಟದಲ್ಲಿ ಕಾಣುವ ಚಿಕ್ಕದು, ಲಿವರ್ ಬಿಟ್ಟಾಗ ಎಣ್ಣೆ ತೊಟ್ಟಿಗೆ ಹಿಂದಿರುಗುವ ದಾರಿ. ಓಡುವಾಗ ಬಿಸಿಯಾಗಿ ಹಿಗ್ಗುವ ಎಣ್ಣೆಗೂ ಅದೇ ದಾರಿ. ಅದು ಕಟ್ಟಿದರೆ ಹಿಗ್ಗಿದ ಎಣ್ಣೆ ಪ್ಯಾಡನ್ನು ಒತ್ತುತ್ತದೆ. ಪ್ಯಾಡ್ ಉಜ್ಜಿ ಇನ್ನೂ ಬಿಸಿ, ಬಿಸಿಯಿಂದ ಇನ್ನೂ ಒತ್ತಡ. ಕೊನೆಗೆ ಲಿವರ್ ಕಲ್ಲಾಗುತ್ತದೆ. ನಿಲ್ಲಿಸಿದರೆ ಎಣ್ಣೆ ತಣಿದು ಕುಗ್ಗುತ್ತದೆ, ಚಕ್ರ ಬಿಡುತ್ತದೆ. ಜಗಲಿಯಲ್ಲಿ ನಡೆದದ್ದು ಇದು.

ಇದನ್ನು ಬಿಚ್ಚದೆ ನೋಡಬಹುದು. ತೊಟ್ಟಿಯ ಸುತ್ತ, ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿ. ಬ್ರೇಕ್ ಆಯಿಲ್ ಬಿದ್ದ ಕಡೆ ಬಣ್ಣ ಎದ್ದುಬರುತ್ತದೆ, ಬಿದ್ದರೆ ಒರೆಸುತ್ತಾ ಕೂರದೆ ನೀರು ಹೊಯ್ಯಿರಿ. ಮುಚ್ಚಳದ ಎರಡು ಸ್ಕ್ರೂಗಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ತುಕ್ಕಿನಿಂದ ತಲೆ ಸವೆಯುವುದು ಬೇಗ. ಮುಚ್ಚಳ ತೆಗೆದು ಲಿವರನ್ನು ನಿಧಾನವಾಗಿ, ಬೆರಳಿನ ತುದಿಯಿಂದ, ಚೂರೇ ಚೂರು ಒತ್ತಿ. ಆ ಚಿಕ್ಕ ರಂಧ್ರದಿಂದ ಎಣ್ಣೆಯ ಸಣ್ಣ ಒರತೆ ಏಳಬೇಕು. ಏಳದಿದ್ದರೆ ಒಂದೋ ರಂಧ್ರ ಕಟ್ಟಿದೆ, ಇಲ್ಲವೇ ಲಿವರ್ ಪೂರ್ತಿ ಹಿಂದೆ ಬರದೆ, ಅದು ತಳ್ಳುವ ಸಿಲಿಂಡರಿನ ಪಿಸ್ಟನ್ ಆ ರಂಧ್ರವನ್ನು ದಾಟಿ ನಿಂತಿದೆ.

ಎರಡನೆಯದನ್ನು ಮೊದಲು ನೋಡಿ, ಖರ್ಚಿಲ್ಲದ್ದು. ಲಿವರಿನ ತಿರುಗುಬೋಲ್ಟನ್ನು ತೆಗೆದು, ಕೆಸರು ತೊಳೆದು, ಗ್ರೀಸ್ ಹಚ್ಚಿ ಹಾಕಿ. ಬೈಕು ಬಿದ್ದು ಲಿವರ್ ಬಾಗಿದ್ದರೆ, ಅಥವಾ ಅಂದಕ್ಕೆಂದು ಬೇರೆ ಲಿವರ್ ಹಾಕಿಸಿದ್ದರೆ, ಅದರ ಮೂಗು ಪಿಸ್ಟನ್ನನ್ನು ಸದಾ ಒತ್ತಿಕೊಂಡೇ ಇರಬಹುದು. ಲಿವರ್ ಕಳಚಿಟ್ಟು ಚಕ್ರ ತಿರುಗಿಸಿ ನೋಡಿದರೆ ಸಂಶಯ ಹೋಗುತ್ತದೆ. ತೊಟ್ಟಿಗೆ ಗುರುತಿಗಿಂತ ಹೆಚ್ಚು ಎಣ್ಣೆ ತುಂಬಿದ್ದರೂ ಬ್ರೇಕ್ ಹಿಡಿಯುತ್ತದೆ. ಪ್ಯಾಡ್ ಸವೆದಿದ್ದಾಗ ಗುರುತಿನವರೆಗೆ ತುಂಬಿ, ಆಮೇಲೆ ಹೊಸ ಪ್ಯಾಡ್ ಹಾಕಿದಾಗ ಹೀಗಾಗುತ್ತದೆ.

ರಂಧ್ರವೇ ಕಟ್ಟಿದ್ದರೆ ವಿದ್ಯುತ್ ವಯರಿನ ಒಂದೇ ಒಂದು ತಾಮ್ರದ ಎಳೆಯಿಂದ ಬಿಡಿಸಬಹುದು. ಸೂಜಿ, ಪಿನ್ನು ಬೇಡ, ಒಳಗೆ ರಬ್ಬರಿದೆ, ಗೀರುಬಿದ್ದರೆ ಮತ್ತೆ ಒತ್ತಡವೇ ನಿಲ್ಲುವುದಿಲ್ಲ. ಆದರೆ ಎಳೆ ಹಾಕಿ ಬಿಡಿಸಿದ್ದು ಮನೆ ಮುಟ್ಟುವ ಉಪಾಯ ಮಾತ್ರ. ರಂಧ್ರ ಕಟ್ಟಿಸಿದ ಲೋಳೆ ಸಿಲಿಂಡರಿನ ಒಳಗೆಲ್ಲ ಇರುತ್ತದೆ. ಪೂರ್ತಿ ಬಿಚ್ಚಿ, ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆದು, ಮಾಸ್ಟರ್ ಸಿಲಿಂಡರ್ ಕಿಟ್ ಹಾಕಬೇಕು. ಇಲ್ಲಿನ ಸ್ಪೇರ್ ಅಂಗಡಿಯಲ್ಲಿ ಮಲಯಾಳ, ತುಳು, ಕನ್ನಡ ಯಾವುದರಲ್ಲಿ ಕೇಳಿದರೂ ಹೆಸರು ಇದೇ. ಆದರೆ ಬೈಕಿನ ವರ್ಷ ಮತ್ತು ಮಾದರಿ ಬರೆದುಕೊಂಡೇ ಹೋಗಿ, ಒಂದೇ ಹೆಸರಿನ ಬೈಕಿಗೆ ಬೇರೆ ಬೇರೆ ಅಳತೆಯ ಕಿಟ್ ಬರುತ್ತದೆ.

ಲೋಳೆ ಎಲ್ಲಿಂದ ಬಂತು? ಡಾಟ್ 3, ಡಾಟ್ 4 ಎಂಬ ದರ್ಜೆಯ ಬ್ರೇಕ್ ಎಣ್ಣೆಗಳು ಗಾಳಿಯ ತೇವವನ್ನು ಹೀರುತ್ತವೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ, ಮುಚ್ಚಳದ ರಬ್ಬರ್ ಹಳತಾದ ಬೈಕಿನಲ್ಲಿ, ಅದಕ್ಕೆ ಹೀರಲು ತೇವಕ್ಕೇನು ಬರ. ಹೊಸ ಡಾಟ್ 4 ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸಿನವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಒಳಗೆ ಸೇರಿದ ನೀರು ಲೋಹವನ್ನೂ ತಿನ್ನುತ್ತದೆ. ತೊಟ್ಟಿಯ ಕಿಟಕಿಯಲ್ಲಿ ಎಣ್ಣೆ ಕಾಪಿಯ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸುವ ಕಾಲ ಮೀರಿದೆ. ಎರಡು ವರ್ಷಕ್ಕೊಮ್ಮೆ ಎಂಬುದು ಸಾಮಾನ್ಯ ಲೆಕ್ಕ. ಚಿಕ್ಕ ಬಾಟಲಿ ತನ್ನಿ, ಒಡೆದು ಅಟ್ಟದಲ್ಲಿಟ್ಟದ್ದನ್ನು ಮುಂದಿನ ವರ್ಷ ಹಾಕಬೇಡಿ.

ಕ್ಯಾಲಿಪರ್

ನಿಪ್ಪಲ್ ಬಿಡಿಸಿದರೂ ಚಕ್ರ ಬಿಡದಿದ್ದರೆ ಕ್ಯಾಲಿಪರ್ ಕಳಚಿ. ಮೊದಲು ಜಾರುಪಿನ್ನುಗಳನ್ನು ನೋಡಿ. ಕ್ಯಾಲಿಪರ್ ಅದರ ಬ್ರಾಕೆಟ್ ಮೇಲೆ ಕೈಯಿಂದಲೇ ಅತ್ತಿತ್ತ ಜಾರಬೇಕು. ಪಿನ್ ಒಣಗಿ ತುಕ್ಕು ಹಿಡಿದರೆ ಒಂದು ಬದಿಯ ಪ್ಯಾಡ್ ಮಾತ್ರ ಸವೆಯುತ್ತದೆ. ಎರಡು ಪ್ಯಾಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ದಪ್ಪ, ಒಂದು ತೆಳು. ನಾನು ನೋಡಿದ ಕ್ಯಾಲಿಪರುಗಳಲ್ಲಿ ಅರ್ಧಕ್ಕೂ ಹೆಚ್ಚು ಪಿನ್ನಿನ ತೊಂದರೆಯವೇ. ಪಿನ್ ತೊಳೆದು, ನುಣ್ಣಗಿನ ಎಮರಿ ಕಾಗದದಲ್ಲಿ ಉಜ್ಜಿ, ಸಿಲಿಕಾನ್ ಗ್ರೀಸ್ ಹಚ್ಚಿ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಇಲ್ಲಿ ಬೇಡ, ರಬ್ಬರ್ ಊದುತ್ತದೆ. ಅದೇ ಕಾರಣಕ್ಕೆ ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ಯಾವುದನ್ನೂ ಬ್ರೇಕಿನ ರಬ್ಬರಿಗೆ ಸೋಕಿಸಬೇಡಿ.

ಪಿನ್ ಸರಿಯಿದ್ದು ಪಿಸ್ಟನ್ ಒಳಗೆ ಹೋಗದಿದ್ದರೆ ಅದನ್ನು ಹೊರಗೆ ತರಬೇಕು. ಸುಲಭದ ದಾರಿ ಎಂದರೆ ಬೈಕಿನ ಲಿವರೇ. ಹೋಸ್ ಕಳಚುವ ಮೊದಲು, ಪ್ಯಾಡ್ ತೆಗೆದು, ಲಿವರ್ ಒತ್ತುತ್ತಾ ಹೋದರೆ ಪಿಸ್ಟನ್ ತಾನಾಗಿ ಬರುತ್ತದೆ. ಎರಡು ಪಿಸ್ಟನ್ ಇದ್ದರೆ ಸಡಿಲಾದದ್ದನ್ನು ಕ್ಲಾಂಪಿನಲ್ಲಿ ತಡೆದು ಹಿಡಿದದ್ದನ್ನು ಮೊದಲು ಹೊರಡಿಸಿ. ಪಂಕ್ಚರ್ ಅಂಗಡಿಯ ಗಾಳಿ ಹಿಡಿಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಪಿಸ್ಟನ್ ಗುಂಡಿನ ಹಾಗೆ ಹಾರುತ್ತದೆ, ಬೆರಳು ಅಡ್ಡ ಇದ್ದರೆ ಉಳಿಯುವುದಿಲ್ಲ.

ಪಿಸ್ಟನ್ನಿನ ಹೊಳಪಿನಲ್ಲಿ ಉಗುರಿಗೆ ತಾಗುವ ಗುಂಡಿಗಳಿದ್ದರೆ ಹೊಸದು ಹಾಕಿ, ಉಜ್ಜಿ ಸರಿಮಾಡಲಾಗದು. ಎಲ್ಲರೂ ಬಿಟ್ಟುಬಿಡುವ ಜಾಗ ಮಾತ್ರ ಬೇರೆ: ಸೀಲು ಕೂರುವ ಕೊರಕಲು. ಸೀಲಿನ ಹಿಂದೆ ಅಲ್ಯುಮಿನಿಯಂ ಬಿಳಿ ಹುಡಿಯಾಗಿ ಬೆಳೆದು ಸೀಲನ್ನು ಪಿಸ್ಟನ್ ಮೇಲೆ ಅಮುಕುತ್ತದೆ. ಅದನ್ನು ಕೆರೆಯದೆ ಹೊಸ ಸೀಲು ಹಾಕಿದರೆ ಮೊದಲ ದಿನದಿಂದಲೇ ಬ್ರೇಕ್ ಹಿಡಿಯುತ್ತದೆ, ಬೈಯಿಸಿಕೊಳ್ಳುವುದು ಕಿಟ್. ಬಿದಿರಿನ ಕಡ್ಡಿಯ ತುದಿ ಚೂಪು ಮಾಡಿ ಕೆರೆದರೆ ಲೋಹಕ್ಕೆ ಗೀರು ಬೀಳುವುದಿಲ್ಲ. ಹೊಸ ಸೀಲಿಗೆ ಬ್ರೇಕ್ ಆಯಿಲ್ ಸವರಿ, ಪಿಸ್ಟನ್ನನ್ನು ಹೆಬ್ಬೆರಳಿನಿಂದ ನೇರವಾಗಿ ಒತ್ತಿದರೆ ಒಳಗೆ ಹೋಗಬೇಕು.

ಅಲ್ಯುಮಿನಿಯಂ ತಿನ್ನುವುದರಲ್ಲಿ ಮಳೆಗೆ ಜೊತೆಯಾಗುವುದು ನಮ್ಮ ಅಡಿಕೆ ಮದ್ದು. ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕಿ ಮದ್ದು ಮಾಡುವಾಗ ಹಿರಿಯರು ಕತ್ತಿಯ ತುದಿ ಅದ್ದಿ ನೋಡುವುದು ಎಲ್ಲರಿಗೂ ಗೊತ್ತು. ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ, ಕಬ್ಬಿಣದ ಮೇಲೆ ತಾಮ್ರ ಕೂರುತ್ತಿದೆ. ಮದ್ದಿನ ಡ್ರಮ್ಮನ್ನೋ ಮೈಲುತುತ್ತಿನ ಚೀಲವನ್ನೋ ಬೈಕಿನಲ್ಲಿ ಸಾಗಿಸುವಾಗ ಸೋರಿದರೆ ಕ್ಯಾಲಿಪರ್ ಮೇಲೂ ಅದೇ ನಡೆಯುತ್ತದೆ. ಕೂತ ತಾಮ್ರ ಮಳೆನೀರಿನ ಜೊತೆ ಸೇರಿ ಅಲ್ಯುಮಿನಿಯಮನ್ನು ತಿನ್ನುತ್ತಾ ಹೋಗುತ್ತದೆ. ಮದ್ದು ಬಿಟ್ಟ ದಿನ ಸಂಜೆ ಬೈಕಿಗೆ ನಾಲ್ಕು ಕೊಡಪಾನ ನೀರು ಹೊಯ್ಯುವುದನ್ನು ನಮ್ಮ ಮನೆಯಲ್ಲಿ ಈಗ ತಪ್ಪಿಸುವುದಿಲ್ಲ.

ಡ್ರಮ್ ಬ್ರೇಕ್

ಇಲ್ಲಿ ಎಣ್ಣೆ ಇಲ್ಲ, ಹಾಗಾಗಿ ಪ್ರಶ್ನೆ ಸುಲಭ. ಪೆಡಲ್ ಒತ್ತಿ ಬಿಟ್ಟಾಗ ಬ್ರೇಕ್ ಪ್ಲೇಟಿನ ಮೇಲಿನ ಆರ್ಮ್ ಹಿಂದೆ ಬರುತ್ತದೆಯೇ? ಹಿಂದಿನ ಬ್ರೇಕ್ ದೀಪ ಆರದೆ ಉರಿಯುತ್ತಲೇ ಇದ್ದರೆ ಪೆಡಲ್ ಪೂರ್ತಿ ಬಂದಿಲ್ಲವೆಂಬ ಸುಳಿವು. ರಾಡ್ ಕಳಚಿ ಆರ್ಮನ್ನು ಕೈಯಿಂದ ತಿರುಗಿಸಿ. ಕೈಗೆ ಗಟ್ಟಿಯೆನಿಸಿದರೆ, ಒಳಗಿನ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಕ್ಯಾಮಿನ ದಂಡ ತುಕ್ಕು ಹಿಡಿದಿದೆ. ಆರ್ಮ್ ಸಲೀಸಾಗಿದ್ದು ಪೆಡಲ್ ಗಟ್ಟಿಯಿದ್ದರೆ ಪೆಡಲಿನ ಅಚ್ಚು ತೊಳೆದು ಗ್ರೀಸ್ ಹಾಕಿ. ಮುಂದಿನ ಡ್ರಮ್ಮಾದರೆ ಕೇಬಲ್ ನೋಡಿ. 2019ರ ಏಪ್ರಿಲ್ 1ರಿಂದ ಹೊಸ ಬೈಕುಗಳಿಗೆ ಸಿಬಿಎಸ್ ಇಲ್ಲವೇ ಎಬಿಎಸ್ ಕಡ್ಡಾಯವಾದ ಮೇಲೆ ಬಂದ ಚಿಕ್ಕ ಬೈಕುಗಳಲ್ಲಿ ಒಂದು ವಿಷಯ ಮರೆಯಬೇಡಿ. ಸಿಬಿಎಸ್ ಇದ್ದರೆ ಹಿಂದಿನ ಪೆಡಲೇ ಮುಂದಿನ ಬ್ರೇಕನ್ನೂ ಎಳೆಯುತ್ತದೆ, ಮುಂದಿನ ಚಕ್ರ ಹಿಡಿದದ್ದಕ್ಕೆ ಕಾರಣ ಪೆಡಲಿನ ಕಡೆಯ ಕೇಬಲ್ ಆಗಿರಬಹುದು.

ಕ್ಯಾಮ್ ತೆಗೆಯುವ ಮೊದಲು ಆರ್ಮ್ ಮತ್ತು ದಂಡದ ಮೇಲೆ ಗುರುತು ಮಾಡಿ, ಒಂದು ಹಲ್ಲು ತಪ್ಪಿದರೂ ಬ್ರೇಕಿನ ಬಲ ಬೇರೆಯಾಗುತ್ತದೆ. ದಂಡವನ್ನು ಉಜ್ಜಿ ತೆಳುವಾಗಿ ಗ್ರೀಸ್ ಹಚ್ಚಿ. ಹೆಚ್ಚಾದರೆ ಬಿಸಿಗೆ ಕರಗಿ ಶೂಗಳ ಮೇಲಿನ ಉಜ್ಜುವ ಪದರಕ್ಕೆ, ಅಂದರೆ ಲೈನರಿಗೆ, ಇಳಿಯುತ್ತದೆ. ಒಳಗಿನ ಹುಡಿಯನ್ನು ಬಾಯಿಂದ ಊದಬೇಡಿ, ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಆಟಿ ತಿಂಗಳ ಮಳೆಯಲ್ಲಿ ತೋಡು ದಾಟಿ ಬಂದು ಹಾಗೆಯೇ ವಾರಗಟ್ಟಲೆ ನಿಲ್ಲಿಸಿದ ಬೈಕಿನಲ್ಲಿ ಲೈನರೇ ಡ್ರಮ್ಮಿನ ತುಕ್ಕಿಗೆ ಅಂಟುವುದುಂಟು. ಹೊಂದಾಣಿಕೆಯ ನಟ್ಟನ್ನು ಪೂರ್ತಿ ಸಡಿಲಿಸಿ, ಬೈಕನ್ನು ಹಿಂದೆ ಮುಂದೆ ತಳ್ಳಿ. ಬಿಡದಿದ್ದರೆ ಮರದ ಕೊಡತಿಯಲ್ಲಿ ಬ್ರೇಕ್ ಪ್ಲೇಟಿನ ಸುತ್ತ ಮೆಲ್ಲಗೆ ತಟ್ಟಿ, ಹಬ್ಬಿಗೆ ಸುತ್ತಿಗೆ ಹಾಕಿದರೆ ಅಲ್ಯುಮಿನಿಯಂ ಒಡೆಯುತ್ತದೆ. ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಎಳೆಸುವುದು ಬೇಡವೇ ಬೇಡ. ಲೈನರ್ ಶೂ ಬಿಟ್ಟು ಎದ್ದು ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ದಾರಿಯಲ್ಲಿ ಚಕ್ರ ಒಮ್ಮೆಲೇ ನಿಲ್ಲುತ್ತದೆ.

ದಾರಿಯಲ್ಲಿ ಹಿಡಿದರೆ

ಡ್ರಮ್ ಆದರೆ ನಟ್ಟು ಸಡಿಲಿಸಿದರೆ ಮನೆ ಮುಟ್ಟುತ್ತೀರಿ. ಡಿಸ್ಕ್ ಆದರೆ ತಣಿಯುವವರೆಗೆ ಕಾಯಿರಿ, ನೀರು ಹೊಯ್ಯಬೇಡಿ, ಕಾದ ಡಿಸ್ಕ್ ಬಾಗಬಹುದು. ಸ್ಪ್ಯಾನರ್ ಇದ್ದರೆ ನಿಪ್ಪಲಿನಿಂದ ನಾಲ್ಕು ಹನಿ ಬಿಟ್ಟು ಪುನಃ ಬಿಗಿ ಮಾಡಿ. ಆಮೇಲೆ ಮುಂದಿನ ಲಿವರ್ ಮುಟ್ಟದೆ ಹಿಂದಿನ ಬ್ರೇಕಿನಲ್ಲಿ ನಿಧಾನವಾಗಿ, ಸಮತಟ್ಟು ದಾರಿಯಾದರೆ ಮಾತ್ರ. ಇಳಿಜಾರು ಇದ್ದರೆ ಪಿಕಪ್ಪಿಗೆ ಏರಿಸಿ.

ಕೆಲಸ ಮುಗಿದ ಮೇಲೆ

ಎಣ್ಣೆಯೊಳಗಿನ ಗಾಳಿ ಪೂರ್ತಿ ಹೋಗುವವರೆಗೆ ನಿಪ್ಪಲಿನಿಂದ ಬ್ಲೀಡ್ ಮಾಡಿ. ಬೋಲ್ಟುಗಳ ಬಿಗಿ ಎಷ್ಟೆಂಬುದು ನಿಮ್ಮ ಬೈಕಿನ ಸರ್ವಿಸ್ ಕೈಪಿಡಿಯಲ್ಲಿದ್ದಷ್ಟು. ಡಿಸ್ಕಿನ ಮೇಲೆ ಕೊರೆದಿರುವ ಕನಿಷ್ಠ ದಪ್ಪವನ್ನು ಅಳೆದು ನೋಡಿ, ಕಾದು ನೀಲಿಯಾಗಿದ್ದರೆ ಬಾಗಿದೆಯೇ ಎಂದೂ ನೋಡಿ. ಪ್ಯಾಡಿನ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬದಲಾಯಿಸಿ. ಬೈಕು ಹತ್ತುವ ಮೊದಲು ಲಿವರನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಪಿಸ್ಟನ್ ಒಳಗೆ ತಳ್ಳಿದ ಮೇಲೆ ಮೊದಲ ಒತ್ತಿಗೆ ಬ್ರೇಕ್ ಇರುವುದೇ ಇಲ್ಲ, ಅಂಗಳದಿಂದ ನೇರ ರಸ್ತೆಗಿಳಿದವರು ಇದರಿಂದ ಬಿದ್ದಿದ್ದಾರೆ.

ನನ್ನ ಬೈಕಿಗೆ ಕಿಟ್ ಹಾಕಿದ ದಿನ ಮಳೆ ಇರಲಿಲ್ಲ. ಪೆರ್ಲದವರೆಗೆ ಹೋಗಿ, ಕೊನೆಯ ಎರಡು ಕಿಲೋಮೀಟರ್ ಮುಂದಿನ ಬ್ರೇಕ್ ಮುಟ್ಟದೆ ಬಂದು, ಡಿಸ್ಕಿನ ಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟೆ. ಚುಂಯ್ ಅನ್ನಲಿಲ್ಲ, ಹನಿ ಹಾಗೆಯೇ ಜಾರಿ ಕೆಳಗೆ ಬಿತ್ತು. ಚಕ್ರವನ್ನು ಎತ್ತಿ ತಿರುಗಿಸಿದೆ. ಎರಡೂವರೆ ಸುತ್ತು ಹೋಗಿ ನಿಂತಿತು.